ಸೋಷಿಯಲ್ ಸೆಕ್ಯೂರಿಟಿ ಜಾಸ್ತಿ ಮಾಡೋ ಬಿಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಬಗ್ಗೇನೇ ಇವೆ, ಅಂದ್ರೆ ದುಡಿಯೋವಾಗ ಸಂಬಳದಲ್ಲಿ ಟ್ಯಾಕ್ಸ್ ಕಟ್ಟಿ, ರಿಟೈರ್ ಆದ್ಮೇಲೆ ಅಥವಾ ಅಂಗವೈಕಲ್ಯದಿಂದ (ಡಿಸೆಬಿಲಿಟಿ) ಕೆಲಸ ಮಾಡೋಕಾಗದಿದ್ದಾಗ ಸರ್ಕಾರದಿಂದ ತಿಂಗಳು ತಿಂಗಳು ದುಡ್ಡು ಪಡೆಯೋ ವ್ಯವಸ್ಥೆ. ಅಲ್ಲಿ ಕೆಲಸ ಮಾಡ್ತಿರೋರು, ಮಾಡಿ ವಾಪಸ್ ಬಂದೋರು, ಮಕ್ಕಳನ್ನ ಅಲ್ಲಿ ಬಿಟ್ಟು ಇಲ್ಲಿರೋ ಅಪ್ಪ ಅಮ್ಮಂದಿರು ಎಲ್ಲಾ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ಸರ್, ರಿಟೈರ್ ಆದವರಿಗೆಲ್ಲ ತಿಂಗಳಿಗೆ 200 ಡಾಲರ್ ಜಾಸ್ತಿ ಕೊಡ್ತಾರಂತೆ ಅಂತ ನಮ್ಮ ಗ್ರೂಪಲ್ಲಿ ಓಡಾಡ್ತಿದೆ. ಆಗಿದೆಯಾ, ಆಗುತ್ತಾ?

ಉತ್ತರ: ಆಗಿಲ್ಲ. ಅದಿನ್ನೂ ಬಿಲ್ ಅಷ್ಟೇ, ಕಾನೂನಲ್ಲ. 200 ಡಾಲರ್ ಅನ್ನೋದು ಸಂಸದರಾದ ಬರ್ನಿ ಸ್ಯಾಂಡರ್ಸ್, ಎಲಿಜಬೆತ್ ವಾರನ್ ಇಬ್ರೂ 2023ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ತಂದ ಸೋಷಿಯಲ್ ಸೆಕ್ಯೂರಿಟಿ ಎಕ್ಸ್‌ಪ್ಯಾನ್ಷನ್ ಆಕ್ಟ್‌ನಲ್ಲಿದೆ, ವರ್ಷಕ್ಕೆ 2,400 ಆಗುತ್ತೆ. ಇದಲ್ಲದೆ ಕನೆಕ್ಟಿಕಟ್‌ನ ಕೆಳಮನೆ ಸದಸ್ಯ ಜಾನ್ ಲಾರ್ಸನ್ 2014ರಿಂದಲೂ ಸೋಷಿಯಲ್ ಸೆಕ್ಯೂರಿಟಿ 2100 ಅನ್ನೋ ಹೆಸರಲ್ಲಿ ಇನ್ನೊಂದು ಬಿಲ್ಲನ್ನ ಮತ್ತೆ ಮತ್ತೆ ತರ್ತಾನೇ ಇದ್ದಾರೆ, ಅದರಲ್ಲಿ ಎಲ್ಲರಿಗೂ ಸುಮಾರು 2 ಪರ್ಸೆಂಟ್ ಏರಿಕೆ, ಜೊತೆಗೆ ಜೀವನ ಪೂರ್ತಿ ಕಡಿಮೆ ಸಂಬಳಕ್ಕೆ ದುಡಿದೋರಿಗೆ ಬಡತನದ ರೇಖೆಯ 125 ಪರ್ಸೆಂಟ್‌ನಷ್ಟು ಮಿನಿಮಮ್ ಬೆನಿಫಿಟ್. ಎರಡರಲ್ಲೂ ಇರೋ ಇನ್ನೊಂದು ವಿಷಯ ಏನಂದ್ರೆ ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಜಾಸ್ತಿ ಮಾಡ್ತಾರಲ್ಲ, ಅದನ್ನ ಈಗ ದುಡಿಯೋರ ಖರ್ಚು ನೋಡಿ ಲೆಕ್ಕ ಹಾಕ್ತಾರೆ, ಅದರ ಬದಲು ವಯಸ್ಸಾದೋರ ಖರ್ಚು ನೋಡಿ ಲೆಕ್ಕ ಹಾಕಬೇಕು ಅನ್ನೋದು, ಯಾಕಂದ್ರೆ ವಯಸ್ಸಾದೋರಿಗೆ ಮನೆ ಮತ್ತು ಆಸ್ಪತ್ರೆ ಖರ್ಚೇ ದೊಡ್ಡದು.

ಪಾಸ್ ಆಗೋದು ಕಷ್ಟ ಇದೆ. ಬಜೆಟ್ ಬಿಲ್‌ಗಳನ್ನ ಸೆನೆಟ್‌ನಲ್ಲಿ ಬರೀ ಬಹುಮತದಿಂದ ಪಾಸ್ ಮಾಡೋ ಒಂದು ದಾರಿ ಇದೆಯಲ್ಲ, ಆ ದಾರೀಲಿ ಸೋಷಿಯಲ್ ಸೆಕ್ಯೂರಿಟಿ ಮುಟ್ಟೋ ಹಾಗಿಲ್ಲ ಅಂತ ಕಾನೂನೇ ಇದೆ, ಹಾಗಾಗಿ 100ರಲ್ಲಿ 60 ವೋಟ್ ಬೇಕೇ ಬೇಕು, ಅಂದ್ರೆ ಎರಡೂ ಪಾರ್ಟಿಯವರು ಒಪ್ಪಬೇಕು. ಹಾಗಂತ ಆಗೋದೇ ಇಲ್ಲ ಅಂತಲೂ ಅಲ್ಲ. ಬೇರೆ ಸರ್ಕಾರಿ ಪೆನ್ಷನ್ ಇರೋ ಟೀಚರ್ಸ್, ಪೊಲೀಸ್, ಫೈರ್ ಡಿಪಾರ್ಟ್‌ಮೆಂಟ್‌ನೋರಿಗೆ ಸೋಷಿಯಲ್ ಸೆಕ್ಯೂರಿಟಿ ಕಟ್ ಮಾಡ್ತಿದ್ದ ಎರಡು ಹಳೇ ರೂಲ್‌ಗಳನ್ನ ತೆಗೆದ ಫೇರ್‌ನೆಸ್ ಆಕ್ಟ್ ಸೆನೆಟ್‌ನಲ್ಲಿ 76-20ರಲ್ಲಿ ಪಾಸ್ ಆಯ್ತು, 2025ರ ಜನವರಿ 5ಕ್ಕೆ ಆಗಿನ ಅಧ್ಯಕ್ಷ ಬೈಡನ್ ಸೈನ್ ಹಾಕಿದ್ರು. ಅವರೆಲ್ಲ ಎಷ್ಟೋ ವರ್ಷದಿಂದ ಬಿಡದೆ ಕೇಳಿ ಕೇಳಿ ಅದನ್ನ ಮಾಡಿಸ್ಕೊಂಡ್ರು.

ಪ್ರಶ್ನೆ: 2033ಕ್ಕೆ ದುಡ್ಡೆಲ್ಲ ಖಾಲಿ ಅಂತಾರೆ. ಇರೋದನ್ನೇ ಕೊಡೋಕಾಗಲ್ಲ ಅಂದಾಗ ಜಾಸ್ತಿ ಕೊಡ್ತೀವಿ ಅನ್ನೋದು ಹೇಗೆ?

ಉತ್ತರ: ಖಾಲಿ ಆಗೋದು ಇಷ್ಟು ವರ್ಷ ಕೂಡಿಟ್ಟಿರೋ ಫಂಡ್, ತಿಂಗಳು ತಿಂಗಳು ಬರೋ ಟ್ಯಾಕ್ಸ್ ಅಲ್ಲ. ಈ ಫಂಡ್ ನೋಡ್ಕೊಳೋ ಟ್ರಸ್ಟಿಗಳ 2025ರ ರಿಪೋರ್ಟ್ ಪ್ರಕಾರ ರಿಟೈರ್ಮೆಂಟ್ ಫಂಡ್ 2033ಕ್ಕೆ ಮುಗಿಯುತ್ತೆ, ಆಮೇಲೆ ಬರೋ ಟ್ಯಾಕ್ಸಿಂದ, ಕೊಡಬೇಕಾದ್ದರಲ್ಲಿ 77 ಪರ್ಸೆಂಟ್ ಕೊಡಬಹುದು. 77 ಅಂದ್ರೂ ಅದೊಂದನ್ನೇ ನಂಬ್ಕೊಂಡಿರೋರಿಗೆ ದೊಡ್ಡ ಪೆಟ್ಟೇ. ಡಿಸೆಬಿಲಿಟಿ ಫಂಡ್ ಬೇರೆ ಇದೆ, ಅದು ಮುಂದಿನ 75 ವರ್ಷದ ಲೆಕ್ಕದಲ್ಲೂ ಖಾಲಿ ಆಗಲ್ಲ ಅಂತ ಅದೇ ರಿಪೋರ್ಟ್ ಹೇಳುತ್ತೆ, ಇದನ್ನ ಯಾರೂ ಹೇಳೋದೇ ಇಲ್ಲ.

ದುಡ್ಡು ಎಲ್ಲಿಂದ ಅಂದ್ರೆ, ಈಗ ಸಂಬಳದಲ್ಲಿ 6.2 ಪರ್ಸೆಂಟ್ ನೀವು, 6.2 ನಿಮ್ಮ ಕಂಪನಿ ಕಟ್ತೀರಿ, ಆದರೆ ಒಂದು ಮಿತಿವರೆಗೆ ಮಾತ್ರ. 2025ರಲ್ಲಿ ಆ ಮಿತಿ 1,76,100 ಡಾಲರ್ ಇತ್ತು. ಅದರ ಮೇಲಿನ ಸಂಬಳಕ್ಕೆ ಒಂದು ಸೆಂಟೂ ಇಲ್ಲ. ವರ್ಷಕ್ಕೆ 10 ಲಕ್ಷ ಡಾಲರ್ ಸಂಬಳ ತಗೊಳೋರು ಮಾರ್ಚ್ ಶುರುವಲ್ಲೇ ಇಡೀ ವರ್ಷದ್ದು ಕಟ್ಟಿ ಮುಗಿಸಿರ್ತಾರೆ, 50 ಸಾವಿರದೋರು ಡಿಸೆಂಬರ್ ಕೊನೆವರೆಗೂ ಕಟ್ತಾನೇ ಇರ್ತಾರೆ. ಸ್ಯಾಂಡರ್ಸ್ ಬಿಲ್ 2,50,000ದ ಮೇಲೆ, ಲಾರ್ಸನ್ ಬಿಲ್ 4,00,000ದ ಮೇಲೆ ಮತ್ತೆ ಈ ಟ್ಯಾಕ್ಸ್ ಹಾಕಬೇಕು ಅನ್ನುತ್ತೆ. ನಮ್ಮ ಅಭಿಪ್ರಾಯ ಕೇಳಿದ್ರೆ ಇದು ನ್ಯಾಯವಾಗಿದೆ. ಮಿತಿ ತೆಗೆದ್ರೆ ಅವರು ಕಟ್ಟಿದ್ದಕ್ಕೂ ಅವರಿಗೆ ಸಿಗೋದಕ್ಕೂ ಸಂಬಂಧವೇ ಇರಲ್ಲ, ಇದು ಇನ್ಶೂರೆನ್ಸ್ ಅನ್ನೋ ಮೂಲ ಉದ್ದೇಶವೇ ಹೋಗುತ್ತೆ ಅಂತ ವಿರೋಧ ಮಾಡೋರು ಹೇಳ್ತಾರೆ, ಆ ಮಾತಲ್ಲೂ ಅರ್ಥ ಇದೆ, ಆದರೆ ಇನ್ನೊಂದು ಕಡೆ ಏನೂ ಮಾಡದೇ ಕೂತ್ರೆ 23 ಪರ್ಸೆಂಟ್ ಕಟ್ ಆಗೋದು ಎಲ್ಲರಿಗೂ, ಬಡವರಿಗೂ ಸೇರಿ.

ಪ್ರಶ್ನೆ: ನನ್ನ ಯಜಮಾನರಿಗೆ 47 ವರ್ಷ, ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬರ್ತಿಲ್ಲ, ಕೆಲಸ ಬಿಡಬೇಕಾಯ್ತು. ಡಿಸೆಬಿಲಿಟಿಗೆ ಹಾಕಿದ್ವಿ, ಐದು ತಿಂಗಳು ಕಾಯಬೇಕು ಅಂತಾರೆ, ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಬರೋಕೆ ಇನ್ನೂ ಎರಡು ವರ್ಷ ಅಂತೆ. ನಾನು ಮಕ್ಕಳು ಹುಟ್ಟಿದ ಮೇಲೆ ಏಳು ವರ್ಷದಿಂದ ಮನೇಲೇ ಇದೀನಿ. ಈ ಹೊಸ ಬಿಲ್ಲಲ್ಲಿ ನಮ್ಮಂಥೋರಿಗೆ ಏನಾದ್ರೂ ಇದೆಯಾ ಸರ್?

ಉತ್ತರ: ಇದೆ ಅಮ್ಮಾ. ನಿಜ ಹೇಳಬೇಕಂದ್ರೆ ಈ ಬಿಲ್‌ಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ ಭಾಗ, 200 ಡಾಲರ್ ಅಲ್ಲ.

ಈಗಿನ ಕಾನೂನಲ್ಲಿ ಕಾಯಿಲೆ ಶುರುವಾದ ಮೇಲೆ ಪೂರ್ತಿ ಐದು ತಿಂಗಳಿಗೆ ದುಡ್ಡು ಇಲ್ಲ, ದುಡ್ಡು ಶುರುವಾದ ಮೇಲೆ ಮೆಡಿಕೇರ್‌ಗೆ 24 ತಿಂಗಳು, ಒಟ್ಟು 29. ಎಎಲ್‌ಎಸ್ ಅನ್ನೋ ನರಗಳ ಕಾಯಿಲೆ ಇರೋರಿಗೆ ಮಾತ್ರ ಎರಡೂ ಕಾಯುವಿಕೆ ತೆಗೆದಿದ್ದಾರೆ. ಅವರಿಗೆ ತೆಗೆಯೋಕೆ ಆಯ್ತು ಅಂದ್ರೆ ಉಳಿದೋರಿಗೆ ಯಾಕಾಗಲ್ಲ? ಕೆಲಸ ಹೋದ ಮೊದಲ ಐದು ತಿಂಗಳೇ ಅಲ್ವಾ ಬಾಡಿಗೆ, ಔಷಧಿ, ಮಕ್ಕಳ ಖರ್ಚು ಎಲ್ಲಾ ಒಟ್ಟಿಗೆ ಮೈಮೇಲೆ ಬೀಳೋದು, ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗಿರುತ್ತೆ, ಕಾಯಿಲೆ ಇರೋ ಮನುಷ್ಯನಿಗೆ ಡಾಕ್ಟರ್ ಬೇಕಾಗಿರೋದು ಆವಾಗಲೇ, ಎರಡು ವರ್ಷ ಆದ್ಮೇಲಲ್ಲ. 2021ರ ಲಾರ್ಸನ್ ಬಿಲ್ ಐದು ತಿಂಗಳನ್ನ ತೆಗೀಬೇಕು ಅಂತ ಹೇಳ್ತು. ಸ್ಟಾಪ್ ದಿ ವೇಟ್ ಆಕ್ಟ್ ಅಂತ ಇನ್ನೊಂದು ಬಿಲ್ ಮೆಡಿಕೇರ್‌ನ 24 ತಿಂಗಳನ್ನೂ ಹಂತ ಹಂತವಾಗಿ ತೆಗೀಬೇಕು ಅನ್ನುತ್ತೆ. ದೊಡ್ಡ ಬಿಲ್ ಪಾಸ್ ಆಗೋವರೆಗೆ ಕಾಯದೆ ಇದೊಂದನ್ನಾದ್ರೂ ಮೊದಲು ಮಾಡಬೇಕು.

ನಿಮ್ಮ ಏಳು ವರ್ಷದ ವಿಷಯ. ರಿಟೈರ್ಮೆಂಟ್‌ಗೆ 40 ಕ್ರೆಡಿಟ್ (ಕೆಲಸ ಮಾಡಿದ ವರ್ಷಕ್ಕೆ ಹೆಚ್ಚೆಂದ್ರೆ 4 ಸಿಗುತ್ತೆ) ಆದ್ರೆ ಸಾಕು, ಯಾವಾಗ ಮಾಡಿದ್ರೂ ಆಯ್ತು, ಆದರೆ ಡಿಸೆಬಿಲಿಟಿಗೆ ಸಾಮಾನ್ಯವಾಗಿ ಹಿಂದಿನ ಹತ್ತು ವರ್ಷದಲ್ಲಿ ಐದು ವರ್ಷ ಕೆಲಸ ಮಾಡಿರಬೇಕು. ಮಕ್ಕಳನ್ನ ನೋಡ್ಕೊಂಡು, ಅತ್ತೆ ಮಾವನ್ನ ನೋಡ್ಕೊಂಡು ಮನೇಲಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಡಿಸೆಬಿಲಿಟಿ ರಕ್ಷಣೆ ಹೋಗಿರೋದು ಗೊತ್ತೇ ಇರಲ್ಲ. ರಿಟೈರ್ಮೆಂಟ್ ಲೆಕ್ಕದಲ್ಲೂ ಜಾಸ್ತಿ ದುಡಿದ 35 ವರ್ಷ ತಗೋತಾರೆ, ದುಡೀದಿದ್ದ ವರ್ಷಕ್ಕೆ ಸೊನ್ನೆ. ಲಾರ್ಸನ್ ಬಿಲ್ಲಲ್ಲಿ ಮನೆಯವರ ಆರೈಕೆಗೆ ಕೆಲಸ ಬಿಟ್ಟೋರಿಗೆ ಕ್ರೆಡಿಟ್ ಕೊಡೋ ಮಾತಿದೆ. ಆರೈಕೆ ಅನ್ನೋದು ಕೆಲಸವೇ, ಅದನ್ನ ಕಾನೂನು ಒಪ್ಪಬೇಕು.

ಸದ್ಯಕ್ಕೆ ನೀವು ಮಾಡಬೇಕಾದ್ದು: ಮಕ್ಕಳು 18ರ ಒಳಗಿದ್ರೆ ಅವರಿಗೂ ತಂದೆ ರೆಕಾರ್ಡ್ ಮೇಲೆ ಬೆನಿಫಿಟ್ ಬರುತ್ತೆ, 16ರ ಒಳಗಿನ ಮಗು ನಿಮ್ಮ ಜೊತೆ ಇದ್ರೆ ನಿಮಗೂ ಬರಬಹುದು, ಇಡೀ ಕುಟುಂಬಕ್ಕೆ ಒಂದು ಗರಿಷ್ಠ ಮಿತಿ ಇರುತ್ತೆ, ಸೋಷಿಯಲ್ ಸೆಕ್ಯೂರಿಟಿ ಆಫೀಸಲ್ಲಿ ಬಾಯಿಬಿಟ್ಟು ಕೇಳಿ. ರಿಜೆಕ್ಟ್ ಆದ್ರೆ ಎದೆಗುಂದಬೇಡಿ, ಮೊದಲ ಸಲ ರಿಜೆಕ್ಟ್ ಆಗೋದು ತುಂಬಾ ಸಾಮಾನ್ಯ, 60 ದಿನದ ಒಳಗೆ ಅಪೀಲ್ ಹಾಕಿ.

ಪ್ರಶ್ನೆ: ನಮ್ಮ ಮಗನಿಗೆ ಚಿಕ್ಕಂದಿನಿಂದ ಬುದ್ಧಿಮಾಂದ್ಯತೆ, ಈಗ 22 ವರ್ಷ, ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆ ಇರೋ ವಯಸ್ಸಾದೋರಿಗೆ, ಅಂಗವಿಕಲರಿಗೆ ಸರ್ಕಾರ ಕೊಡೋ ಸಹಾಯಧನ) ಬರುತ್ತೆ. ಅವನ ಹೆಸರಲ್ಲಿ ಸ್ವಲ್ಪ ಉಳಿಸೋಣ ಅಂದ್ರೆ 2,000 ದಾಟಿದ್ರೆ ನಿಲ್ಲಿಸ್ತಾರಂತೆ. ಇದೂ ಬದಲಾಗುತ್ತಾ?

ಉತ್ತರ: ಆ 2,000 ಡಾಲರ್ ಮಿತಿ 1989ರಿಂದ ಹಾಗೇ ಇದೆ. ಅಷ್ಟು ವರ್ಷದಿಂದ ಬೆಲೆ ಎಲ್ಲಿಂದೆಲ್ಲಿಗೆ ಹೋಗಿದೆ, ಇದು ಮಾತ್ರ ಅಲ್ಲಾಡಿಲ್ಲ, ಬರೆಯೋವಾಗಲೇ ಸಂಕಟ ಆಗುತ್ತೆ. ಒಬ್ಬರಿಗೆ 10,000, ದಂಪತಿಗೆ 20,000 ಮಾಡೋ ಬಿಲ್ ಬೇರೆಯಾಗಿ ಇದೆ, ಎರಡೂ ಪಾರ್ಟಿಯವರ ಬೆಂಬಲ ಇದ್ರೂ ಪಾಸ್ ಆಗಿಲ್ಲ. ಅಲ್ಲಿವರೆಗೆ ಮಗನ ಹೆಸರಲ್ಲಿ ಏಬಲ್ ಅಕೌಂಟ್ (ಅಂಗವೈಕಲ್ಯ ಇರೋರಿಗಂತಲೇ ಇರೋ ಉಳಿತಾಯ ಖಾತೆ) ತೆಗೀರಿ, ಅದರಲ್ಲಿ 1,00,000 ಡಾಲರ್‌ವರೆಗೆ ಇದ್ರೂ ಎಸ್‌ಎಸ್‌ಐ ಲೆಕ್ಕಕ್ಕೆ ಬರಲ್ಲ. ಮುಂಚೆ 26 ವರ್ಷದೊಳಗೆ ಅಂಗವೈಕಲ್ಯ ಶುರುವಾದೋರಿಗೆ ಮಾತ್ರ ಇತ್ತು, 2026ರ ಜನವರಿಯಿಂದ 46ಕ್ಕೆ ಏರಿದೆ, ಇದು ಬೇರೆಯವರಿಗೂ ಉಪಯೋಗ ಆಗುತ್ತೆ, ಹೇಳಿ.

ಪ್ರಶ್ನೆ: ಸೋಷಿಯಲ್ ಸೆಕ್ಯೂರಿಟಿಯಿಂದ ಕೈಗೆ ಬರೋ ದುಡ್ಡಿನ ಮೇಲಿನ ಟ್ಯಾಕ್ಸ್ ತೆಗೆದ್ರಲ್ಲ?

ಉತ್ತರ: ತೆಗೆದಿಲ್ಲ. 65 ತುಂಬಿದೋರಿಗೆ 2025ರಿಂದ 2028ರವರೆಗೆ 6,000 ಡಾಲರ್ ಡಿಡಕ್ಷನ್ ಕೊಟ್ಟಿದ್ದಾರೆ ಅಷ್ಟೇ, ಅದೂ ಆದಾಯ ಜಾಸ್ತಿ ಆದಂಗೆ ಕಡಿಮೆ ಆಗುತ್ತೆ. ಡಿಸೆಬಿಲಿಟಿ ತಗೊಳೋ 50 ವರ್ಷದೋರಿಗೆ ಅದೂ ಇಲ್ಲ.

ಪ್ರಶ್ನೆ: ಹೆಚ್-1ಬಿ ಮೇಲೆ ಆರು ವರ್ಷ ಕೆಲಸ ಮಾಡಿ ವಾಪಸ್ ಬಂದೆ. ಕಟ್ಟಿದ್ದು ಹೋಯ್ತಾ?

ಉತ್ತರ: ಆರು ವರ್ಷಕ್ಕೆ 24 ಕ್ರೆಡಿಟ್, 40 ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದ ಇಲ್ಲ, ಇದ್ದಿದ್ರೆ ಎರಡೂ ದೇಶದ ವರ್ಷಗಳನ್ನ ಸೇರಿಸಿ ಲೆಕ್ಕ ಹಾಕ್ತಿದ್ರು. ಭಾರತ ಎಷ್ಟೋ ವರ್ಷದಿಂದ ಕೇಳ್ತಿದೆ. ನಾವು ಹೇಳಿದ ಯಾವ ಬಿಲ್ಲೂ ಇದನ್ನ ಸರಿ ಮಾಡಲ್ಲ, ಒಪ್ಪಂದವೇ ಆಗಬೇಕು. ಆದರೆ ಕ್ರೆಡಿಟ್ ಅಳಿಸಿ ಹೋಗಲ್ಲ, ಮುಂದೆ ಮತ್ತೆ ಅಲ್ಲಿ ಕೆಲಸ ಮಾಡಿದ್ರೆ ಅಲ್ಲಿಂದಲೇ ಮುಂದುವರಿಯುತ್ತೆ. ಹಾಗಾಗಿ ಆನ್‌ಲೈನ್‌ನಲ್ಲಿ ನಿಮ್ಮ ಅರ್ನಿಂಗ್ಸ್ ರೆಕಾರ್ಡ್ ಒಮ್ಮೆ ತೆಗೆದು ನೋಡಿ, ಯಾವುದಾದ್ರೂ ವರ್ಷದ ಸಂಬಳ ಬಿಟ್ಟುಹೋಗಿದ್ರೆ ಸರಿ ಮಾಡಿಸೋಕೆ ಸಾಮಾನ್ಯವಾಗಿ ಆ ವರ್ಷ ಮುಗಿದು 3 ವರ್ಷ 3 ತಿಂಗಳು 15 ದಿನ ಮಾತ್ರ ಟೈಮ್ ಇರುತ್ತೆ, ಸಂಬಳದ ಲೆಕ್ಕ ತೋರಿಸಿ ಕಂಪನಿ ವರ್ಷ ವರ್ಷ ಕೊಡೋ ಡಬ್ಲ್ಯೂ-2 ಫಾರಂಗಳನ್ನ ಎಸೀಬೇಡಿ.