ಓದುಗರ ಪ್ರಶ್ನೆ: ಯುರೋಪಿನ ಡ್ರಗ್ಸ್ ಲೆಕ್ಕ ನಂಬೋದು ಹೇಗೆ?

ಯುರೋಪಿನ ಡ್ರಗ್ಸ್ ಬಳಕೆ ಬಗ್ಗೆ ಈ ಸಲ ಒಂದರ ಹಿಂದೆ ಒಂದು ಪತ್ರ ಬಂದಿವೆ. ಮಕ್ಕಳು ಅಲ್ಲಿ ಓದುತ್ತಿರುವ, ಇಲ್ಲವೇ ಓದೋಕೆ ಹೊರಟಿರುವ ಮನೆಗಳಿಂದಲೇ ಜಾಸ್ತಿ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಎಂಎಸ್ ಮಾಡೋಕೆ ನೆದರ್‌ಲೆಂಡ್ಸ್‌ಗೆ ಹೋಗ್ತಿದ್ದಾನೆ. ಮೊಬೈಲಿಗೆ ಒಂದು ಪಟ್ಟಿ ಬಂತು, ಯಾವ ಊರಿನ ಚರಂಡಿ ನೀರಲ್ಲಿ ಕೊಕೇನ್ ಜಾಸ್ತಿ ಅಂತ. ಡಚ್ಚರ ಊರು, ಬೆಲ್ಜಿಯಂ ಊರುಗಳೇ ಮೇಲಿವೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಕಳಿಸಲೋ ಬೇಡವೋ? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಳಿಸಿ ಅಮ್ಮಾ. ಆ ಪಟ್ಟಿ ನೋಡಿ ಮಗನ ಓದು ನಿಲ್ಲಿಸಬೇಡಿ.

ಪಟ್ಟಿ ಸುಳ್ಳೇನೂ ಅಲ್ಲ. ಲಿಸ್ಬನ್‌ನಲ್ಲಿ ಯುರೋಪಿಯನ್ ಯೂನಿಯನ್ನಿನ ಡ್ರಗ್ಸ್ ಏಜೆನ್ಸಿ ಅಂತ ಒಂದು ಸಂಸ್ಥೆ ಇದೆ. 1995ರಿಂದ ಡ್ರಗ್ಸ್ ಬಳಕೆಯ ಲೆಕ್ಕ ಇಡುತ್ತಿದೆ, ಈಗಿನ ಹೆಸರು ಬಂದದ್ದು 2024ರ ಜುಲೈನಲ್ಲಿ. ಆ ಸಂಸ್ಥೆ ಮತ್ತು ವಿಜ್ಞಾನಿಗಳ ಒಂದು ಗುಂಪು ಸೇರಿ ಪ್ರತಿ ವರ್ಷ ಈ ಚರಂಡಿ ನೀರಿನ ವರದಿ ತರುತ್ತಾರೆ. 2011ರಲ್ಲಿ 19 ಊರುಗಳಿಂದ ಶುರುವಾದದ್ದು, 2023ರ ಹೊತ್ತಿಗೆ 24 ದೇಶಗಳ 88 ಊರಿಗೆ ಬೆಳೆದಿತ್ತು.

ಕೆಲಸ ನಡೆಯುವುದು ಹೀಗೆ. ಊರಿನ ಕೊಳಚೆ ನೀರೆಲ್ಲ ಶುದ್ಧೀಕರಣ ಘಟಕಕ್ಕೆ ಬಂದು ಸೇರುತ್ತಲ್ಲ, ಅದು ಒಳಗೆ ಬರುವ ಜಾಗದಲ್ಲೇ ಒಂದು ಯಂತ್ರ ಇಡುತ್ತಾರೆ. ಅದು ಹಗಲು ರಾತ್ರಿ 24 ಗಂಟೆ ಸ್ವಲ್ಪ ಸ್ವಲ್ಪವೇ ನೀರು ತೆಗೆದು ಒಂದೇ ಡಬ್ಬಿಗೆ ತುಂಬುತ್ತದೆ. ಹೀಗೆ ಒಂದು ವಾರ, ದಿನಕ್ಕೊಂದು ಡಬ್ಬಿ. ಲ್ಯಾಬಿನಲ್ಲಿ ಹುಡುಕುವುದು ಕೊಕೇನನ್ನೇ ಅಲ್ಲ, ಕೊಕೇನ್ ಮೈಯೊಳಗೆ ಹೋಗಿ ಒಡೆದು ಮೂತ್ರದಲ್ಲಿ ಹೊರಬರುವ ಬೆಂಜೋಯ್ಲೆಕ್ಗೊನೀನ್ ಅನ್ನೋ ವಸ್ತುವನ್ನು. ಅದು ನೀರಿನಲ್ಲಿ ಎಷ್ಟಿದೆ, ಆ ದಿನ ಎಷ್ಟು ನೀರು ಹರಿಯಿತು, ಆ ಚರಂಡಿಗೆ ಎಷ್ಟು ಜನರ ಮನೆ ಸೇರಿದೆ, ಇಷ್ಟನ್ನು ಗುಣಿಸಿ ಭಾಗಿಸಿ, 1,000 ಜನಕ್ಕೆ ದಿನಕ್ಕೆ ಇಷ್ಟು ಮಿಲಿಗ್ರಾಂ ಅಂತ ಹೇಳುತ್ತಾರೆ. 2005ರಲ್ಲಿ ಇಟಲಿಯ ವಿಜ್ಞಾನಿಗಳು ಪೊ ನದಿಯ ನೀರಲ್ಲಿ ಇದೇ ವಸ್ತು ಹುಡುಕಿದಾಗ, ದಿನಕ್ಕೆ ಸುಮಾರು 4 ಕಿಲೋ ಕೊಕೇನ್‌ಗೆ ಸಮ ಅಂತ ಲೆಕ್ಕ ಬಂತು. ಜನ ಸರ್ವೆಯಲ್ಲಿ ಒಪ್ಪಿಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ಅಲ್ಲಿಂದಲೇ ಈ ದಾರಿ ತೆರೆದದ್ದು.

ಈಗ ನಿಮ್ಮ ಭಯದ ವಿಷಯ. ಈ ಸಂಖ್ಯೆ ಎಷ್ಟು ಮಾಲು ಅಂತ ಹೇಳುತ್ತದೆ, ಎಷ್ಟು ಜನ ಅಂತ ಹೇಳೋದಿಲ್ಲ. ಹತ್ತು ಜನ ಒಂದೊಂದು ಸಲ ತಗೊಂಡರೂ, ಚಟಕ್ಕೆ ಬಿದ್ದ ಒಬ್ಬನೇ ಹತ್ತು ಸಲ ತಗೊಂಡರೂ ನೀರಿಗೆ ಒಂದೇ. ಕೊಕೇನ್ ಶುದ್ಧವಾದಷ್ಟೂ, ತಗೊಳ್ಳೋ ಜನ ಅಷ್ಟೇ ಇದ್ದರೂ ಅಂಕಿ ಏರುತ್ತದೆ. ಶನಿವಾರ ಭಾನುವಾರ ಮೋಜಿಗೆ ಹೊರಗಿಂದ ಬಂದವರ ಪಾಲೂ ಅದೇ ಊರಿನ ಲೆಕ್ಕಕ್ಕೆ ಸೇರಿಹೋಗುತ್ತದೆ, ಭಾಗಿಸುವಾಗ ಮಾತ್ರ ಅವರು ಇರೋದಿಲ್ಲ. ಇನ್ನೊಂದಿದೆ. 2011ರಲ್ಲಿ ನೆದರ್‌ಲೆಂಡ್ಸಿನ ಉಟ್ರೆಕ್ಟ್ ಊರಿನ ನೀರಲ್ಲಿ ಎಕ್ಸ್‌ಟಸಿ ಪ್ರಮಾಣ ವಿಪರೀತ ಏರಿತ್ತು. ಊರಿಗೆ ಊರೇ ಮಾತ್ರೆ ನುಂಗಿತೇ ಅಂತ ನೋಡಿದರೆ, ಪರೀಕ್ಷೆಯಲ್ಲಿ ಅದು ಮೈಯೊಳಗೆ ಹೋಗದೇ ನೇರ ಚರಂಡಿ ಸೇರಿದ ಮಾಲು ಅಂತ ಗೊತ್ತಾಯಿತು. ಸುಮ್ನೆ ಪಟ್ಟಿ ಮಾತ್ರ ನೋಡಿದವರು ಉಟ್ರೆಕ್ಟ್ ಜನರ ಬಗ್ಗೆ ಏನಂದುಕೊಂಡಿರಬೇಕು!

ನೀರು ಪರೀಕ್ಷೆಗೆ ಕೊಡದ ಊರು ಆ ಪಟ್ಟಿಯಲ್ಲೇ ಇರೋದಿಲ್ಲ, ಅದನ್ನೂ ನೆನಪಿಡಿ. ಪಟ್ಟಿಯಲ್ಲಿಲ್ಲ ಅಂದಮಾತ್ರಕ್ಕೆ ಆ ಊರು ಚೊಕ್ಕ ಅಂತ ಹೇಳೋಕಾಗಲ್ಲ. ನಿಮ್ಮ ಮಗನ ಸ್ನೇಹಿತರು ಯಾರು, ದುಡ್ಡಿಗೆ ಕಷ್ಟ ಇದೆಯಾ, ಚಳಿಗಾಲದ ಕತ್ತಲಲ್ಲಿ ಒಬ್ಬನೇ ಕೂತಿರ್ತಾನಾ, ಇದನ್ನೆಲ್ಲ ಚರಂಡಿ ನೀರು ಹೇಳೋದಿಲ್ಲ. ವಾರಕ್ಕೆರಡು ಸಲ ಫೋನ್ ಮಾಡಿ ಮಾತಾಡಿಸಿ.

ಪ್ರಶ್ನೆ: "ನೀವು ಡ್ರಗ್ಸ್ ತಗೊಳ್ತೀರಾ?" ಅಂತ ಸರ್ವೆಯವರು ಕೇಳಿದರೆ ಯಾರು ತಾನೇ ನಿಜ ಹೇಳ್ತಾರೆ? ಅಂಥ ಅಂಕಿ-ಅಂಶ ಕಸದ ಬುಟ್ಟಿಗೆ ಅಲ್ವಾ? — ಸ್ಟ್ಯಾಟಿಸ್ಟಿಕ್ಸ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಕಸದ ಬುಟ್ಟಿಗೆ ಹಾಕಬೇಡಿ. ಈ ಅನುಮಾನ ಸರ್ವೆ ಮಾಡುವವರಿಗೂ ಇದೆ, ಅದಕ್ಕೆ ಅವರು ಒಂದು ಒಳ್ಳೆಯ ಉಪಾಯ ಮಾಡಿದ್ದಾರೆ. ಯುರೋಪಿನ ಶಾಲೆಗಳಲ್ಲಿ 15-16 ವರ್ಷದ ಮಕ್ಕಳ ಸರ್ವೆ 1995ರಿಂದ ನಡೀತಿದೆ, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ. ಮಕ್ಕಳು ಹೆಸರು ಬರೆಯೋ ಹಾಗಿಲ್ಲ. ಅದರ ಪ್ರಶ್ನೆಪತ್ರಿಕೆಯಲ್ಲಿ ಗಾಂಜಾ, ಎಕ್ಸ್‌ಟಸಿ ಇತ್ಯಾದಿಗಳ ನಡುವೆ 'ರೆಲೆವಿನ್' ಅಂತ ಒಂದು ಹೆಸರು ಸೇರಿಸಿದ್ದರು. ಅಂಥ ಡ್ರಗ್ ಜಗತ್ತಿನಲ್ಲೇ ಇಲ್ಲ! "ರೆಲೆವಿನ್ ತಗೊಂಡಿದ್ದೇನೆ" ಅಂತ ಗುರುತು ಹಾಕಿದ ಹುಡುಗ ಬಡಾಯಿ ಕೊಚ್ಚುತ್ತಿದ್ದಾನೆ, ಇಲ್ಲವೇ ಓದದೇ ಗೀಚುತ್ತಿದ್ದಾನೆ. ಹಾಗೆ ಹಾಕಿದವರು ತೀರಾ ಕಡಿಮೆ. ಬಡಾಯಿ ಎಷ್ಟಿದೆ ಅಂತ ಇದರಿಂದ ಒಂದು ಅಂದಾಜು ಸಿಕ್ಕಿತು. ಮುಚ್ಚಿಡುವವರನ್ನು ಹಿಡಿಯೋಕೆ ಮಾತ್ರ ಇದರಿಂದ ಆಗಲ್ಲ.

ಅದಕ್ಕಿಂತ ದೊಡ್ಡ ತೊಂದರೆ, ಸರ್ವೆಯವರು ಬಾಗಿಲು ತಟ್ಟುವುದು ಮನೆ ಇರುವವರದ್ದು. ಬೀದಿಯಲ್ಲಿ ಮಲಗುವವರು, ಜೈಲಲ್ಲಿರುವವರು, ಆಸ್ಪತ್ರೆಯಲ್ಲಿರುವವರು ಅಲ್ಲಿ ಸಿಗೋದಿಲ್ಲ. ಹೆರಾಯಿನ್ ಚಟಕ್ಕೆ ಸಿಕ್ಕಿ ನರಳುವವರಲ್ಲಿ ತುಂಬಾ ಜನ ಅವರೊಳಗೇ ಇದ್ದಾರೆ. ಹಾಗಾಗಿ ಗಾಂಜಾಗೆ ಸರ್ವೆ ಪರವಾಗಿಲ್ಲ, ಹೆರಾಯಿನ್‌ಗೆ ಅದು ಸಾಲದು. ಅಂಥ ಕಡೆ ಚಿಕಿತ್ಸಾ ಕೇಂದ್ರದ ಪಟ್ಟಿ, ಪೊಲೀಸರ ಪಟ್ಟಿ ಎರಡನ್ನೂ ಇಟ್ಟುಕೊಂಡು, ಎರಡರಲ್ಲೂ ಬಂದವರು ಎಷ್ಟು ಅಂತ ನೋಡಿ, ಎರಡರಲ್ಲೂ ಇಲ್ಲದವರನ್ನು ಅಂದಾಜು ಮಾಡುತ್ತಾರೆ. ಕೆರೆಯ ಮೀನು ಎಣಿಸುವವರು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವ ಲೆಕ್ಕವೇ ಇದು. ನಿಮ್ಮ ಕ್ಲಾಸಲ್ಲಿ ಬಂದಿರುತ್ತೆ.

ಇನ್ನು ಯಾವ ಪ್ರಶ್ನೆ ಕೇಳಿದರು ಅಂತ ತಪ್ಪದೇ ನೋಡಿ. "ಜೀವನದಲ್ಲಿ ಒಮ್ಮೆಯಾದರೂ" ಗಾಂಜಾ ಸೇದಿದವರು ಫ್ರಾನ್ಸಿನಲ್ಲಿ 45% ಹತ್ತಿರ, ಮಾಲ್ಟಾದಲ್ಲಿ 4% ಆಸುಪಾಸು ಅಂತ ಕೆಲವು ವರ್ಷದ ಹಿಂದಿನ ವರದಿಗಳಲ್ಲಿ ಇತ್ತು. ಇದರಲ್ಲಿ 40 ವರ್ಷದ ಹಿಂದೆ ಕಾಲೇಜಲ್ಲಿ ಒಂದೇ ದಮ್ ಎಳೆದ ಅಜ್ಜನೂ ಸೇರಿದ್ದಾನೆ. "ಕಳೆದ ಒಂದು ವರ್ಷದಲ್ಲಿ" ಅಂತ ಕೇಳಿದರೆ, ಲಿಸ್ಬನ್ ಸಂಸ್ಥೆಯ 2024ರ ವರದಿ ಪ್ರಕಾರ ಇಡೀ ಯೂನಿಯನ್ನಿನ 15ರಿಂದ 64 ವಯಸ್ಸಿನವರಲ್ಲಿ ಸುಮಾರು 8%. ಮುದ್ರಣದಲ್ಲಿ ಈ ಎರಡನೆಯದನ್ನು ತೆಗೆದು ಮೊದಲನೆಯದು ಹಾಕಿದರೆ ದೇಶವೇ ಹಾಳಾಗಿ ಹೋದ ಹಾಗೆ ಕಾಣುತ್ತದೆ. ಪತ್ರಿಕೆಗಳು ಇದನ್ನು ಮಾಡೋದು ನೋಡಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: ಯುರೋಪಿಯನ್ ಯೂನಿಯನ್ನಿನಲ್ಲಿ ಡ್ರಗ್ಸ್ ಸಾವು 2017ರಲ್ಲಿ 8,200, 2020ರಲ್ಲಿ 5,800 ಅಂತ ಒಂದು ವಿಡಿಯೋದಲ್ಲಿ ತೋರಿಸಿದರು. ಅವರು ಅಷ್ಟು ಬೇಗ ಗೆದ್ದದ್ದು ಹೇಗೆ? — ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಗೆದ್ದಿಲ್ಲ ಸರ್. ನಡುವೆ ಬ್ರಿಟನ್ ಹೊರಗೆ ಹೋಯಿತು. ಎರಡೂ ಅಂಕಿ ವರದಿಗಳಲ್ಲಿ ಇರುವವೇ, ಆದರೆ ಮೊದಲನೆಯದರಲ್ಲಿ 28 ದೇಶ, ಎರಡನೆಯದರಲ್ಲಿ 27. ಆ ಕಾಲದ ಲೆಕ್ಕದಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಾವು ಬ್ರಿಟನ್ನಿನದ್ದೇ. ವಿಡಿಯೋ ಮಾಡಿದವರು ಎರಡು ವರದಿ ಪಕ್ಕಪಕ್ಕ ಇಟ್ಟು ಕೂಡಿಸಿ ಕಳೆದುಬಿಟ್ಟಿದ್ದಾರೆ. ಅಲ್ಲಿ ಸಾಯುವವರು ಸಾಯುತ್ತಲೇ ಇದ್ದಾರೆ, ಗೆಲುವಿನ ಸುದ್ದಿ ಹಂಚಿದರೆ ಚಿಕಿತ್ಸೆಗೆ ಬರುವ ದುಡ್ಡಿಗೆ ಕತ್ತರಿ ಬೀಳಬಹುದು. ಅದಕ್ಕೇ ಈ ತಪ್ಪು ಸಣ್ಣದಲ್ಲ.

ದೇಶ ದೇಶಕ್ಕೆ ಹೋಲಿಸುವಾಗಲೂ ಹುಷಾರು. ಒಬ್ಬ ಯುವಕ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ ಅಂದುಕೊಳ್ಳಿ. ಶವಪರೀಕ್ಷೆ ಆಗಬೇಕು, ರಕ್ತ ಲ್ಯಾಬಿಗೆ ಹೋಗಬೇಕು, ಲ್ಯಾಬಿನವರಿಗೆ ಯಾವ ವಸ್ತು ಹುಡುಕಬೇಕು ಗೊತ್ತಿರಬೇಕು, ಕೊನೆಗೆ ಮರಣ ಪ್ರಮಾಣಪತ್ರಕ್ಕೆ ಸರಿಯಾದ ಕೋಡ್ ಬೀಳಬೇಕು. ಎಲ್ಲಿ ತಪ್ಪಿದರೂ ಅವನ ಸಾವು 'ಹೃದಯ ನಿಂತು' ಅಂತ ಬೇರೆ ಕಡೆ ಸೇರಿಹೋಗುತ್ತದೆ. ಉತ್ತರದ ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಇಂಥ ಪರೀಕ್ಷೆ ಹೆಚ್ಚು, ಅಂಕಿಯೂ ಹೆಚ್ಚು. ಜರ್ಮನಿಯಲ್ಲಿ ವರ್ಷ ವರ್ಷ ಸುದ್ದಿಯಾಗುವುದು ಮರಣ ಪ್ರಮಾಣಪತ್ರದ್ದಲ್ಲ, ಪೊಲೀಸರ ಲೆಕ್ಕ, 2023ರಲ್ಲಿ 2,227. ಈಚೆಗೆ ನೈಟಜೀನ್ ಅನ್ನೋ ಹೊಸ ಓಪಿಯಾಯ್ಡ್‌ಗಳು, ಅಂದರೆ ಹೆರಾಯಿನ್ ತರಹದ ಡ್ರಗ್ಸ್, ಬಂದಿವೆ, ಮಾಮೂಲಿ ಪರೀಕ್ಷೆಗೆ ಅವು ಸಿಗದೇ ಹೋಗಬಹುದು. ಎಸ್ಟೋನಿಯಾದವರು ಹುಡುಕಿದರು. 2023ರಲ್ಲಿ ಅಲ್ಲಿನ ಡ್ರಗ್ಸ್ ಸಾವುಗಳಲ್ಲಿ ಸುಮಾರು ಅರ್ಧಕ್ಕೆ ಇವೇ ಕಾರಣ ಅಂತ ಸಿಕ್ಕಿತು. ಸತ್ತವರನ್ನು ಸರಿಯಾಗಿ ಎಣಿಸಿದ ದೇಶಕ್ಕೆ ನಾಚಿಕೆ ಹೊರಿಸೋದು ಅನ್ಯಾಯ.

ಪ್ರಶ್ನೆ: ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಹಿಡಿದ ಕೊಕೇನ್ 2023ರಲ್ಲಿ 116 ಟನ್, 2024ರಲ್ಲಿ 44 ಟನ್. ಕಳ್ಳಸಾಗಣೆ ಕಡಿಮೆಯಾಯಿತು ಅನ್ನಬಹುದಾ? — ಹುಬ್ಬಳ್ಳಿಯಿಂದ

ಉತ್ತರ: ಇದೊಂದರಿಂದಲೇ ಹೇಳೋಕಾಗಲ್ಲ. ಹಿಡಿದ ಲೆಕ್ಕ ಪೊಲೀಸರು, ಕಸ್ಟಮ್ಸ್‌ನವರು ಎಷ್ಟು ಹುಡುಕಿದರು ಅನ್ನೋದರ ಮೇಲೂ ನಿಂತಿರುತ್ತದೆ. ಬಿಗಿ ಜಾಸ್ತಿಯಾದರೆ ಸಾಗಿಸುವವರು ಬೇರೆ ಬಂದರು ಹಿಡಿಯಬಹುದು, ದೊಡ್ಡ ಮೂಟೆ ಬಿಟ್ಟು ಸಣ್ಣ ಸಣ್ಣದಾಗಿ ಕಳಿಸಬಹುದು. ಮಾಲು ನಿಜವಾಗಿ ಕಡಿಮೆಯಾಗಿದ್ದರೆ ಬೀದಿಯಲ್ಲಿ ಬೆಲೆ ಏರಬೇಕು, ಶುದ್ಧತೆ ಇಳಿಯಬೇಕು, ಚರಂಡಿ ನೀರಲ್ಲೂ ಅಂಕಿ ಇಳಿಯಬೇಕು. ಈ ಮೂರನ್ನೂ ಅದೇ ವರ್ಷಗಳಿಗೆ ಹುಡುಕಿ 44ರ ಪಕ್ಕದಲ್ಲಿ ಇಟ್ಟು ನೋಡಿ.