ಎಲ್ ಪಾಸೊದಿಂದ ಹೊರಟು ಒಂದೇ ದಿನದಲ್ಲಿ ಗ್ವಾಡಲೂಪ್ ಶಿಖರ ಹತ್ತಿ ಬರಬಹುದೇ?

ನವೆಂಬರಿನಲ್ಲಿ ಕೆಲಸದ ಮೇಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊಗೆ ಹೋಗುವವರಿದ್ದೀರಿ, ನಡುವೆ ಒಂದು ದಿನ ಬಿಡುವಿದೆ, ಮರುಭೂಮಿ ಕಾಣುವಂಥ ಶಿಖರವೊಂದನ್ನು ಹತ್ತಿ ಅದೇ ರಾತ್ರಿ ಹೋಟೆಲಿಗೆ ಮರಳಬೇಕು, ಅದಕ್ಕೆ ಗ್ವಾಡಲೂಪ್ ಶಿಖರ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಸರಿಹೋಗುತ್ತದೆ. ನಾನು ಮೂರು ಸಲ ಹೊರಟು ಎರಡು ಸಲ ತುದಿ ಮುಟ್ಟಿದ್ದೇನೆ. ಮುಟ್ಟಲಾಗದ ಆ ಒಂದು ಸಲಕ್ಕೆ ಕಾರಣ ಗಾಳಿ. ಆದ್ದರಿಂದ ಗಾಳಿಯಿಂದಲೇ ಆರಂಭಿಸುತ್ತೇನೆ.

ಈ ಬೆಟ್ಟಸಾಲು ಬಯಲಿನ ನಡುವೆ ಗೋಡೆಯಂತೆ ಎದ್ದು ನಿಂತಿರುವುದರಿಂದ ಪಶ್ಚಿಮದಿಂದ ಬೀಸುವ ಗಾಳಿಗೆ ದೊಡ್ಡ ಅಡ್ಡಿಯೇ ಇದು. ಚಳಿಗಾಲದ ಕೊನೆಯಿಂದ ವಸಂತದವರೆಗೆ ಇಲ್ಲಿ ಗಾಳಿ ಗಂಟೆಗೆ 60 ಮೈಲಿ ದಾಟುವುದು ಅಪರೂಪವೇನಲ್ಲ. ಶರತ್ಕಾಲ ಅದಕ್ಕಿಂತ ಎಷ್ಟೋ ಶಾಂತ, ನೀವು ಆರಿಸಿಕೊಂಡ ತಿಂಗಳು ಒಳ್ಳೆಯದೇ. ಆದರೂ ಹೊರಡುವ ಹಿಂದಿನ ರಾತ್ರಿ ಎಲ್ ಪಾಸೊ ಊರಿನ ಹವಾಮಾನ ನೋಡಿ ನಿರ್ಧರಿಸಬೇಡಿ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದ ನಕ್ಷೆಯಲ್ಲಿ ಶಿಖರದ ಮೇಲೆಯೇ ಒತ್ತಿ ಅಲ್ಲಿನ ಗಾಳಿಯ ಮುನ್ಸೂಚನೆ ನೋಡಿ. ಗಂಟೆಗೆ 40 ಮೈಲಿಗಿಂತ ಹೆಚ್ಚು ತೋರಿಸಿದರೆ ನಾನಾಗಿದ್ದರೆ ತುದಿಯ ಆಸೆ ಬಿಡುತ್ತೇನೆ, ಏಕೆಂದರೆ ದಾರಿಯ ಒಂದು ಭಾಗ ಕಡಿದಾದ ಬಂಡೆಯ ಅಂಚಿನಲ್ಲಿ ಹಾದುಹೋಗುತ್ತದೆ.

ಎಲ್ ಪಾಸೊದಿಂದ ಹೆದ್ದಾರಿ 62/180ರಲ್ಲಿ ಪೂರ್ವಕ್ಕೆ ಸುಮಾರು 110 ಮೈಲಿ ಹೋದರೆ ಪೈನ್ ಸ್ಪ್ರಿಂಗ್ಸ್ ಸಿಗುತ್ತದೆ, ಚಾರಣ ಆರಂಭವಾಗುವುದು ಅಲ್ಲಿಂದಲೇ. ಸುಮಾರು ಎರಡು ಗಂಟೆಯ ಈ ದಾರಿಯಲ್ಲಿ ಊರೆನ್ನುವಂಥದ್ದು ಇಲ್ಲವೆಂದೇ ಹೇಳಬೇಕು, ಶಿಖರವಿರುವ ಗ್ವಾಡಲೂಪ್ ಬೆಟ್ಟಗಳ ರಾಷ್ಟ್ರೀಯ ಉದ್ಯಾನದ ಒಳಗೆ ಪೆಟ್ರೋಲ್ ಆಗಲಿ ಊಟವಾಗಲಿ ಸಿಗುವುದಿಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿ, ಬುತ್ತಿ ಕಟ್ಟಿಕೊಂಡು, ತಲೆಗೆ ನಾಲ್ಕು ಲೀಟರಿನಂತೆ ನೀರು ಕಾರಿನಲ್ಲಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲಿಯೂ ನೀರಿಲ್ಲ. ನಾಲ್ಕು ಲೀಟರ್ ಎಂದರೆ ಬೆನ್ನ ಮೇಲೆ ನಾಲ್ಕು ಕಿಲೋ ಭಾರ ಎಂಬುದು ನಿಜ, ಆದರೆ ಆ ಭಾರ ಹತ್ತುತ್ತಾ ಹತ್ತುತ್ತಾ ತಾನಾಗಿಯೇ ಇಳಿಯುತ್ತದೆ. ಪ್ರವೇಶ ಶುಲ್ಕವನ್ನು ಮುಂಚಿತವಾಗಿಯೇ ಆನ್‌ಲೈನಿನಲ್ಲಿ ಕಟ್ಟಿಬಿಡಿ. ಈ ಹೆದ್ದಾರಿಯಲ್ಲಿ ಗಡಿ ಗಸ್ತು ಪಡೆಯ ತಪಾಸಣಾ ಠಾಣೆಯೂ ಇರುವುದರಿಂದ ಪಾಸ್‌ಪೋರ್ಟ್ ಮತ್ತು ವೀಸಾ ಕಾಗದಗಳನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ನವೆಂಬರಿನಲ್ಲಿ ಸಂಜೆ 5 ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಹೋಗಿಬರುವ ದಾರಿ ಒಟ್ಟು 8.4 ಮೈಲಿ, ಅಂದರೆ ಸುಮಾರು ಹದಿಮೂರೂವರೆ ಕಿಲೋಮೀಟರ್; ಏರುವುದು 3,000 ಅಡಿ; ಸಾಧಾರಣ ನಡಿಗೆಗೆ ಆರರಿಂದ ಎಂಟು ಗಂಟೆ ಬೇಕು. ಬೆಳಿಗ್ಗೆ 5ಕ್ಕೆ ಎಲ್ ಪಾಸೊ ಬಿಟ್ಟು 7ರ ಸುಮಾರಿಗೆ ನಡೆಯಲು ತೊಡಗಿದರೆ ಅವಸರವಿಲ್ಲದೆ ಮುಗಿಯುತ್ತದೆ. ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ಹಿಂತಿರುಗುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಗಡಿಯಾರದ ವಿಷಯದಲ್ಲಿ ಒಂದು ಮಾತು: ಉದ್ಯಾನವು ಎಲ್ ಪಾಸೊದಂತೆ ಮೌಂಟೇನ್ ಸಮಯವನ್ನೇ ಅನುಸರಿಸುತ್ತದೆ, ಆದರೆ ದಕ್ಷಿಣದ ವ್ಯಾನ್ ಹಾರ್ನ್ ಊರು ಅದಕ್ಕಿಂತ ಒಂದು ಗಂಟೆ ಮುಂದಿರುವ ಸೆಂಟ್ರಲ್ ಸಮಯದಲ್ಲಿದೆ. ನನ್ನ ಫೋನು ಮೇಲೆ ಹೋಗುತ್ತಿದ್ದಂತೆ ಇದ್ದಕ್ಕಿದ್ದ ಹಾಗೆ ಒಂದು ಗಂಟೆ ಮುಂದಕ್ಕೆ ಜಿಗಿದು, ನಾವು ತೀರಾ ನಿಧಾನವಾಗಿದ್ದೇವೆಂದು ಗಾಬರಿಯಾಗಿ ಅರ್ಧ ಮೈಲಿ ಓಡುನಡಿಗೆಯಲ್ಲಿ ಹತ್ತಿದೆವು. ಕೈಗಡಿಯಾರವಿದ್ದರೆ ಕಟ್ಟಿಕೊಳ್ಳಿ.

ಇಡೀ ದಾರಿಯಲ್ಲಿ ಹೆಚ್ಚು ಕಷ್ಟದ್ದು ಮೊದಲ ಒಂದೂವರೆ ಮೈಲಿ. ಕತ್ತಾಳೆ, ಪಾಪಸುಕಳ್ಳಿಗಳ ನಡುವೆ ಬಿಸಿಲಿಗೆ ಮೈಯೊಡ್ಡಿದ ತಿರುವುಗಳು ಒಂದರ ಮೇಲೊಂದು ಏರುತ್ತಲೇ ಹೋಗುತ್ತವೆ, ಕಾರು ನಿಲ್ಲಿಸಿದ ಜಾಗ ಮಾತ್ರ ಎಷ್ಟು ಹತ್ತಿದರೂ ಕಾಲಡಿಯಲ್ಲೇ ಇದ್ದಂತೆ ಕಾಣುತ್ತದೆ. ಅದು ಮುಗಿದ ಮೇಲೆ ದಾರಿ ಬೆಟ್ಟದ ಉತ್ತರ ಮಗ್ಗುಲಿಗೆ ತಿರುಗಿ ಪೈನ್ ಮತ್ತು ಡಗ್ಲಸ್ ಫರ್ ಮರಗಳ ನೆರಳಿಗೆ ಬರುತ್ತದೆ. ಅಲ್ಲಿ ಬೆವರು ಆರುವಾಗ ಚಳಿ ಹಿಡಿಯುತ್ತದೆ, ಜಾಕೆಟ್ ಚೀಲದ ಮೇಲ್ಭಾಗದಲ್ಲೇ ಇರಲಿ. ಸುಮಾರು ಮೂರು ಮೈಲಿಯಾದಾಗ ತುದಿ ಬಂತೆನ್ನಿಸುವ ಜಾಗ ಸಿಗುತ್ತದೆ. ಅದು ಶಿಖರವಲ್ಲ. ಅಲ್ಲಿಂದ ಮುಂದೆ ಡೇರೆ ಹಾಕುವ ಜಾಗವನ್ನು ದಾಟಿ, ತುಸು ಇಳಿದು, ಮರದ ಸೇತುವೆಯೊಂದನ್ನು ಹಾದು, ಇನ್ನೂ ಒಂದು ಮೈಲಿಯಷ್ಟು ಹತ್ತಬೇಕು. ಮೊದಲ ಸಲ ಇದು ತಿಳಿಯದೆ ಅರ್ಧಕ್ಕಿಂತ ಹೆಚ್ಚು ನೀರನ್ನು ಅಲ್ಲಿಯೇ ಕುಡಿದು ಮುಗಿಸಿದ್ದೆ.

ತುದಿಯ ಎತ್ತರ 8,751 ಅಡಿ, ಟೆಕ್ಸಾಸಿನಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ಅಲ್ಲಿ ಮೂರು ಮುಖದ ಉಕ್ಕಿನ ಗೋಪುರವೊಂದಿದೆ: 1858ರಲ್ಲಿ ಶಿಖರದ ಕೆಳಗಿನ ಕಣಿವೆಯ ಮೂಲಕ ಹಾದುಹೋದ ಬಟರ್‌ಫೀಲ್ಡ್ ಅಂಚೆಬಂಡಿಯ ಶತಮಾನದ ನೆನಪಿಗೆ 1958ರಲ್ಲಿ ಅದನ್ನು ನಿಲ್ಲಿಸಿದ್ದು ಒಂದು ವಿಮಾನ ಸಂಸ್ಥೆ. ಎಲ್ಲರೂ ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ನೀವು ಮಾತ್ರ ಸ್ವಲ್ಪ ಸರಿದು ದಕ್ಷಿಣಕ್ಕೆ ಬಗ್ಗಿ ನೋಡಿ. ಬೆಳಿಗ್ಗೆ ಹೆದ್ದಾರಿಯಲ್ಲಿ ತಲೆಯೆತ್ತಿ ನೋಡಿದ್ದ ಎಲ್ ಕ್ಯಾಪಿಟನ್ ಎಂಬ ಆ ದೈತ್ಯ ಬಂಡೆಯ ನೆತ್ತಿ ಈಗ ನಿಮ್ಮ ಕೆಳಗಿರುತ್ತದೆ. ಪಶ್ಚಿಮಕ್ಕೆ ಚಿವಾವಾ ಮರುಭೂಮಿ. ಅದರ ನಡುವೆ ಯಾರೋ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಹರಡಿಕೊಂಡಿರುವುದು ಉಪ್ಪಿನ ಬಯಲು, 1877ರಲ್ಲಿ ಉಪ್ಪಿನ ಹಕ್ಕಿಗಾಗಿ ಜನ ಬಂದೂಕು ಹಿಡಿದು ಹೊಡೆದಾಡಿದ್ದು ಅದರ ಸಲುವಾಗಿಯೇ. ನೀವು ನಿಂತಿರುವ ಸುಣ್ಣಕಲ್ಲು ಪರ್ಮಿಯನ್ ಯುಗದ ಕಡಲೊಳಗೆ ಬೆಳೆದ ದಿಬ್ಬ, ಅಂದರೆ 26 ಕೋಟಿ ವರ್ಷಗಳಷ್ಟು ಹಳೆಯದು; ಕಲ್ಲನ್ನು ಹತ್ತಿರದಿಂದ ನೋಡಿದರೆ ಕಡಲಜೀವಿಗಳ ಅಚ್ಚುಗಳು ಸಿಗುತ್ತವೆ. ನೋಡಿ ಅಲ್ಲಿಯೇ ಬಿಡಿ, ಎತ್ತಿಕೊಂಡು ಬರುವುದು ಅಪರಾಧ.

ಇಳಿಯುವಾಗ ಅದೇ ಸುಣ್ಣಕಲ್ಲಿನ ಸಡಿಲ ಚೂರುಗಳು ಕಾಲಡಿಯಲ್ಲಿ ಉರುಳುತ್ತವೆ, ಮಂಡಿಗೆ ಕೆಲಸ ಹತ್ತುವಾಗಿನದಕ್ಕಿಂತ ಹೆಚ್ಚು. ಊರುಗೋಲು ಒಂದಾದರೂ ಇರಲಿ, ಹೊಸ ಬೂಟು ಬೇಡ.

ಒಂದು ವೇಳೆ ಆ ದಿನ ಗಾಳಿ ಜೋರಾಗಿದ್ದರೆ ಕಾರು ತಿರುಗಿಸಬೇಕಾಗಿಲ್ಲ. ಪೈನ್ ಸ್ಪ್ರಿಂಗ್ಸಿನ ಅದೇ ಜಾಗದಿಂದ ಡೆವಿಲ್ಸ್ ಹಾಲ್ ಎಂಬ ಇಕ್ಕಟ್ಟಾದ ಕಲ್ಲಿನ ಓಣಿಗೆ ದಾರಿಯಿದೆ, ಹೋಗಿಬರಲು ಸುಮಾರು ನಾಲ್ಕು ಮೈಲಿ, ಬಹುಪಾಲು ಕಣಿವೆಯ ತಳದಲ್ಲೇ ಬಂಡೆಗಳನ್ನು ದಾಟುತ್ತಾ ನಡೆಯುವುದು. ಮರುಭೂಮಿಯ ನೋಟ ಅಲ್ಲಿ ಸಿಗುವುದಿಲ್ಲ. ತುದಿಗೆ ಹೋಗಲಾಗದ ಆ ಸಲ ನಾವು ಹೋದದ್ದು ಅಲ್ಲಿಗೇ.