ಆ ತಂತಿ ಬಿಚ್ಚಬೇಡಿ

ಓದುಗರ ಪತ್ರ: ನಮ್ಮದು ವಿರಾಜಪೇಟೆ ಕಡೆ. ಈಗ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಸಿಕ್ಕಿದೆ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಭಾರತೀಯ ಸಿಪಾಯಿಗಳು ಹಿಡಿದ ರೈಫಲ್‌ಗಳದ್ದೇ ಒಂದು ಸಂಗ್ರಹ ಮಾಡಬೇಕು ಅಂತ ಆಸೆ. ಮೊದಲಿಗೆ ಇಶಾಪುರದ ಕಾರ್ಖಾನೆಯ ಒಂದು ತ್ರೀ-ನಾಟ್-ತ್ರೀ ರೈಫಲ್ ಕೊಂಡಿದ್ದೇನೆ. ಮರ ಕಪ್ಪಾಗಿದೆ, ಮುಂಭಾಗಕ್ಕೆ ಯಾರೋ ತಂತಿ ಸುತ್ತಿದ್ದಾರೆ. ತಂತಿ ತೆಗೆದು, ಉಜ್ಜಿ ಪಾಲಿಷ್ ಮಾಡಿಸಲೇ? ಮುಂದೆ ಏನು ಕೊಳ್ಳಲಿ? ಮುಂದೊಂದು ದಿನ ಇವನ್ನೆಲ್ಲ ಊರಿನ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ತರಬಹುದೇ?

ಸಂಪಾದಕರ ಉತ್ತರ:

ತಂತಿ ಬಿಚ್ಚಬೇಡಿ. ಉಜ್ಜಲೂ ಬೇಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ, ಇದನ್ನು ಮಾತ್ರ ಇವತ್ತೇ ಹೇಳಬೇಕಿತ್ತು.

ಆ ತಂತಿಯನ್ನು ಯಾರೋ ಸುಮ್ನೆ ಸುತ್ತಿದ್ದಲ್ಲ. ರೈಫಲ್‌ನ ಬಾಯಿಗೆ ಲೋಹದ ಒಂದು ಬಟ್ಟಲು ಸಿಕ್ಕಿಸಿ, ಅದರಲ್ಲಿ ಗ್ರೆನೇಡ್ ಇಟ್ಟು, ಗುಂಡಿಲ್ಲದ ತೋಟಾದಿಂದ ಹಾರಿಸುತ್ತಿದ್ದರು. ಆ ಏಟಿಗೆ ಮರ ಸೀಳಿಹೋಗುತ್ತಿತ್ತು. ಅದಕ್ಕೇ ಸೇನೆಯವರೇ ಬಿಗಿಯಾಗಿ ತಂತಿ ಸುತ್ತಿ ಬೆಸುಗೆ ಹಾಕಿಸಿದರು. ನಿಮ್ಮ ಕೈಯಲ್ಲಿರುವುದು ಗ್ರೆನೇಡ್ ಹಾರಿಸಲೆಂದೇ ಬೇರೆ ಮಾಡಿಟ್ಟ ರೈಫಲ್. ತಂತಿ ತೆಗೆದರೆ ಸಾವಿರಾರು ಮಾಮೂಲಿ ರೈಫಲ್‌ಗಳಲ್ಲಿ ಅದೂ ಒಂದಾಗುತ್ತದೆ, ಅಷ್ಟೇ. ಗ್ರೆನೇಡ್ ಹಾರಿಸಿ ದಣಿದ ಇಂಥ ರೈಫಲ್‌ನಲ್ಲಿ ಗುಂಡು ಹಾರಿಸಲೂ ಹೋಗಬೇಡಿ. ಗೋಡೆಯ ಮೇಲಿರಲಿ.

ಮ್ಯಾಗಜೀನ್‌ನ (ತೋಟಾ ತುಂಬುವ ಡಬ್ಬಿಯ) ಸ್ವಲ್ಪ ಮುಂದೆ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಇದೆಯಾ ನೋಡಿ. ಮರ ಸೀಳದಿರಲಿ ಅಂತ ಇಶಾಪುರದಲ್ಲಿ ಹಾಕುತ್ತಿದ್ದ ಸ್ಕ್ರೂ ಅದು. ‘ಇಶಾಪುರ ಸ್ಕ್ರೂ’ ಅಂತಲೇ ಸಂಗ್ರಾಹಕರು ಕರೆಯುತ್ತಾರೆ. ಇಶಾಪುರ ಇರುವುದು ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ದಡದಲ್ಲಿ. ಹಿಡಿಯ ಕುತ್ತಿಗೆಯ ಲೋಹದ ಪಟ್ಟಿಯಲ್ಲಿ ಕಿರೀಟ, ಅದರ ಕೆಳಗೆ ‘ಜಿ.ಆರ್.ಐ.’ ಇದ್ದರೆ ಜಾರ್ಜ್ ದೊರೆಗಳ ಕಾಲದ್ದು. ಸ್ವಾತಂತ್ರ್ಯದ ನಂತರ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹಗಳು, ‘ಆರ್.ಎಫ್.ಐ.’ (ರೈಫಲ್ ಫ್ಯಾಕ್ಟರಿ ಇಶಾಪುರ) ಮುದ್ರೆ ಬಂದವು. ಮುದ್ರೆಯ ಜೊತೆಗೆ ಇಸವಿಯೂ ಇರುತ್ತದೆ. ಸ್ಯಾಂಡ್‌ಪೇಪರ್ ಹಿಡಿದರೆ ಮರದ ಮೇಲಿನ ಮುದ್ರೆಗಳೆಲ್ಲ ಅಳಿದುಹೋಗುತ್ತವೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮರಕ್ಕೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ. ಲೋಹಕ್ಕೆ ಬಂದೂಕಿನ ಎಣ್ಣೆ ಸಾಕು.

ಈಗ ಮುಂದಿನ ಕೊಳ್ಳುವಿಕೆ. ಜಾಸ್ತಿ ಬೇಡ ಅನ್ನುವುದೇ ನನ್ನ ಸಲಹೆ. ಹತ್ತು ರೈಫಲ್ ಸಾಲಾಗಿ ನಿಲ್ಲಿಸಿದರೆ ಸಂಗ್ರಹ ಆಗುವುದಿಲ್ಲ. ಭಾರತೀಯ ಸಿಪಾಯಿಯ ಕೈಗೆ ಇದೇ ಯಾಕೆ ಬಂತು ಅಂತ ಪ್ರತಿಯೊಂದೂ ಹೇಳಬೇಕು. ಆ ಕಥೆ ಶುರುವಾಗುವುದು 1853ರ ಎನ್‌ಫೀಲ್ಡ್ ರೈಫಲ್‌ನಿಂದ. ಕೊಬ್ಬು ಸವರಿದ ತೋಟಾದ ಗಲಾಟೆ ಎದ್ದದ್ದು ಅದರ ಸುತ್ತಲೇ. 1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ಏನು ಮಾಡಿದರು ಗೊತ್ತಾ? ಅದೇ ನಮೂನೆಯ ಬಂದೂಕನ್ನು ನಳಿಗೆಯೊಳಗಿನ ಸುರುಳಿ ಗೆರೆಗಳಿಲ್ಲದೆ, ನುಣುಪಾಗಿ ಮಾಡಿಸಿ ಭಾರತೀಯರಿಗೆ ಕೊಟ್ಟರು. ಹೊರಗಿನಿಂದ ನೋಡಿದರೆ ಒಂದೇ ಥರ. ಆದರೆ ದೂರಕ್ಕೆ ಗುರಿ ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ದಶಕಗಳ ಕಾಲ ಇದೇ ಲೆಕ್ಕ. ಬ್ರಿಟಿಷ್ ಸೈನಿಕನಿಗೆ ಮಾರ್ಟಿನಿ-ಹೆನ್ರಿ ರೈಫಲ್ ಬಂದ ಮೇಲೆ ನಮ್ಮವರಿಗೆ ಅದಕ್ಕಿಂತ ಹಳೆಯ ಸ್ನೈಡರ್. ಅವನಿಗೆ ಮ್ಯಾಗಜೀನ್ ರೈಫಲ್ ಬಂದ ಮೇಲೆ ನಮ್ಮವರಿಗೆ ಮಾರ್ಟಿನಿ. ಯಾವಾಗಲೂ ಒಂದು ಹೆಜ್ಜೆ ಹಿಂದೆ. 1914ರಲ್ಲಿ ಫ್ರಾನ್ಸ್‌ನಲ್ಲಿ ಸಾಯಲು ಜನ ಬೇಕಾದಾಗ, ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಕೂಡಲೇ ಹಳೆಯ ರೈಫಲ್ ವಾಪಸ್ ಪಡೆದು ಹೊಸದನ್ನು ಕೈಗಿಟ್ಟರು. ನಿಮ್ಮ ಗೋಡೆ ಈ ಅಪನಂಬಿಕೆಯ ಇತಿಹಾಸವನ್ನು ಹೇಳಿದರೆ ನಾಲ್ಕೇ ರೈಫಲ್ ಸಾಕು. ನುಣುಪು ನಳಿಗೆಯದು ಒಂದು, ಸ್ನೈಡರ್ ಅಥವಾ ಮಾರ್ಟಿನಿ ಒಂದು, ನಿಮ್ಮ ತ್ರೀ-ನಾಟ್-ತ್ರೀ, ಕೊನೆಗೆ ಇಶಾಪುರದ 2ಎ1.

2ಎ1 ಬಗ್ಗೆ ನನಗೆ ವಿಶೇಷ ಪ್ರೀತಿ. 1962ರ ಚೀನಾ ಯುದ್ಧದ ಬೆನ್ನಿಗೆ ಬಂದ ರೈಫಲ್ ಅದು. ಹಳೆಯ ಲೀ-ಎನ್‌ಫೀಲ್ಡ್, ಅಂದರೆ ನಿಮ್ಮ ತ್ರೀ-ನಾಟ್-ತ್ರೀಯ ರೂಪವನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಮಿ.ಮೀ. ತೋಟಾಗೆ ಹೊಸದಾಗಿಯೇ ತಯಾರಿಸಿದರು. ಹಳೆಯದನ್ನು ಕೊರೆದು ಮಾಡಿದ್ದು ಅಂತ ಮಾರುವವರು ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಇದನ್ನು ಕಡಿಮೆ ದರ್ಜೆಯದು ಅಂತ ಕಾಣುವವರಿದ್ದಾರೆ. ನಮಗಾದರೋ ಇದು ಸ್ವತಂತ್ರ ಭಾರತ ತನ್ನ ಸೈನಿಕನಿಗೆ ತಾನೇ ಮಾಡಿಕೊಟ್ಟ ರೈಫಲ್, ಅಲ್ವಾ?

ಮೋಸದ ವಿಚಾರಕ್ಕೆ ಬರೋಣ. ಬರ್ಮಾ ಅಂದ ಕೂಡಲೇ ‘ಜಂಗಲ್ ಕಾರ್ಬೈನ್’ ಅನ್ನುವ ಗಿಡ್ಡ ರೈಫಲ್ ತೋರಿಸುತ್ತಾರೆ. ಆ ನಂ. 5 ರೈಫಲ್ ಬಂದದ್ದೇ ಯುದ್ಧದ ಕೊನೆಗೆ. ಬರ್ಮಾದಲ್ಲಿದ್ದ ಬಹುಪಾಲು ಭಾರತೀಯ ಸಿಪಾಯಿಗಳ ಹೆಗಲಲ್ಲಿದ್ದದ್ದು ನಿಮ್ಮಲ್ಲಿರುವ ಜಾತಿಯದೇ, ನಂ. 1 ಮಾರ್ಕ್ 3. ಸಾಲದ್ದಕ್ಕೆ, ಯುದ್ಧದ ನಂತರ ಉದ್ದ ರೈಫಲ್‌ಗಳನ್ನು ಕತ್ತರಿಸಿ ಕಾರ್ಬೈನ್ ಅಂತ ಬಹಳ ಮಾರಿದ್ದಾರೆ. ಅಸಲಿ ನಂ. 5ರಲ್ಲಿ ತೂಕ ಇಳಿಸಲು ನಳಿಗೆಯ ಬುಡದಲ್ಲಿ, ಮರದ ಮರೆಯಲ್ಲಿ, ಲೋಹವನ್ನು ಕೊರೆದಿರುತ್ತಾರೆ. ಮರ ಬಿಚ್ಚಿ ತೋರಿಸಿ ಅಂತ ಕೇಳಿ.

ಮಾರ್ಟಿನಿ ಕೊಳ್ಳುವಾಗ ಇನ್ನೂ ಹುಷಾರು. ಖೈಬರ್ ಕಣಿವೆ ಕಡೆ, ದರ್ರಾ ಆದಂ ಖೇಲ್‌ನಂಥ ಊರುಗಳಲ್ಲಿ ಕೈಯಲ್ಲೇ ಮಾಡಿದ ನಕಲುಗಳು ಬೇಕಾದಷ್ಟಿವೆ. ಕೆಲವುದರಲ್ಲಿ ಎನ್ ಅಕ್ಷರ ತಿರುವುಮುರುವು. ಇನ್ನು ಕೆಲವುದರಲ್ಲಿ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಮುದ್ರೆ, ಪಕ್ಕದಲ್ಲಿ 1905 ಅಂತ ಇಸವಿ. ರಾಣಿ ತೀರಿಕೊಂಡದ್ದು 1901ರಲ್ಲಿ. 2003ರಲ್ಲಿ ಕಠ್ಮಂಡುವಿನ ಹಳೆಯ ಶಸ್ತ್ರಾಗಾರದಿಂದ ಅಮೆರಿಕಕ್ಕೆ ಬಂದ ಮಾರ್ಟಿನಿ, ಸ್ನೈಡರ್‌ಗಳು ಇನ್ನೂ ಮಾರಾಟಕ್ಕೆ ಸಿಗುತ್ತವೆ. ಕೊಳೆ ಜಾಸ್ತಿ, ಆದರೆ ಎಲ್ಲಿಂದ ಬಂದವು ಅನ್ನುವುದು ಗೊತ್ತಿದೆ. ಶುರುಮಾಡಲು ನಾನಾದರೆ ಅಲ್ಲಿಗೇ ಹೋಗುತ್ತೇನೆ. ತ್ರೀ-ನಾಟ್-ತ್ರೀಗಳಲ್ಲಿ ಬೋಲ್ಟ್ (ತೋಟಾ ಏರಿಸಲು ಹಿಂದೆ ಮುಂದೆ ಎಳೆಯುವ ಭಾಗ) ಮತ್ತು ರೈಫಲ್‌ನ ಮೈಮೇಲಿನ ನಂಬರ್ ಒಂದೇ ಇದೆಯಾ ನೋಡಿ. ಹಾರಿಸುವ ಯೋಚನೆ ಇದ್ದರೆ ಮೊದಲು ಬಂದೂಕಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ.

ಕಾನೂನು ಚುಟುಕಾಗಿ. 1898 ಅಥವಾ ಅದಕ್ಕೂ ಮೊದಲು ತಯಾರಾದವನ್ನು ಅಮೆರಿಕದ ಕೇಂದ್ರ ಕಾನೂನು ಆಂಟಿಕ್ ಅನ್ನುತ್ತದೆ, ಆಧುನಿಕ ಬಂದೂಕಿನ ನಿಯಮ ಅವಕ್ಕಿಲ್ಲ. 50 ವರ್ಷ ದಾಟಿದವಕ್ಕೆ ಸಂಗ್ರಾಹಕರ ಲೈಸೆನ್ಸ್ ಇದೆ. 3 ವರ್ಷಕ್ಕೆ 30 ಡಾಲರ್, ಕೊಂಡದ್ದು ಮಾರಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ರೈಫಲ್ ಮೂಲ ರೂಪದಲ್ಲೇ ಇರಬೇಕು ಅನ್ನುವುದೂ ಅದರ ಷರತ್ತು. ಕತ್ತರಿಸಿ ಬದಲಾಯಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನೀವು ಗ್ರೀನ್ ಕಾರ್ಡ್‌ನವರು, ತೊಂದರೆಯಿಲ್ಲ. ಎಚ್-1ಬಿ ವೀಸಾದಲ್ಲಿರುವ ಬೇರೆ ಓದುಗರು ಇದನ್ನು ಓದಿ ಅಂಗಡಿಗೆ ಓಡಬೇಡಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ನಿಮಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿಲ್ಲ.

ಐನ್‌ಮನೆಗೆ ತರುವ ಆಸೆ ಬಿಡಿ. ಕೊಡವರಿಗೆ ಶಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಮನೆತನ ನಿಮ್ಮದು, ನಿಜ. ಆದರೆ ಆ ವಿನಾಯಿತಿ ಹೊರದೇಶದಿಂದ ತರುವುದಕ್ಕಲ್ಲ. ಸೇನೆಯ ತ್ರೀ-ನಾಟ್-ತ್ರೀ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ರೈತರ ಮನೆಗಳಲ್ಲಿ 315 ಬೋರ್ ರೈಫಲ್ ಕಾಣುವುದಕ್ಕೂ ಅದೇ ಕಾರಣ: ಸೇನೆಯ ತೋಟಾ ಜನರ ಕೈಗೆ ಸಿಗಬಾರದು ಅನ್ನುವ ಬ್ರಿಟಿಷರ ಕಾಲದ ನಿಯಮ. ಹಾಗಾಗಿ ರೈಫಲ್‌ಗಳು ಅಲ್ಲೇ ಇರಲಿ. ಪ್ರತಿಯೊಂದರ ಮುದ್ರೆ, ನಂಬರ್, ಯಾರಿಂದ ಕೊಂಡಿರಿ ಅನ್ನುವುದನ್ನು ಕನ್ನಡದಲ್ಲೇ ಬರೆದು, ಫೋಟೊ ಸಮೇತ ಒಂದು ಪ್ರತಿಯನ್ನು ಊರಿಗೆ ಕಳಿಸಿ. ತಂತಿ ಸುತ್ತಿದ ಆ ರೈಫಲ್‌ನ ಕುತ್ತಿಗೆಯ ಮುದ್ರೆಯ ಫೋಟೊವನ್ನು ನಮಗೂ ಕಳಿಸಿ. ಇಸವಿ 1945ಕ್ಕೆ ಮೊದಲಿನದಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.